ಪಟ್ಟಿಗೆ ಸಹಿ ಹಾಕುವವರಿಗೆ, ಪಟ್ಟಿಯಲ್ಲಿದ್ದವಳ ಪತ್ರ

ಮಾನ್ಯರೇ,

ತಂತ್ರಜ್ಞಾನ ಕಂಪನಿಗಳಲ್ಲಿ ಲೇಆಫ್ ಪಟ್ಟಿ ತಯಾರಿಸುವ, ತಿದ್ದುವ, ಕೊನೆಗೆ ಅದಕ್ಕೆ ಸಹಿ ಹಾಕುವ ನಿಮ್ಮೆಲ್ಲರಿಗೂ ಈ ಪತ್ರ. ನನ್ನನ್ನು ತೆಗೆದ ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ "ಸದ್ಯ, ನಮ್ಮ ಬಗ್ಗೆ ಅಲ್ಲ" ಎಂದುಕೊಂಡು ಓದುವುದನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತೀರಿ.

ಆ ವಾರ ಆನ್‌ಕಾಲ್ ಸರದಿ, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಸರ್ವರ್ ಕೈಕೊಟ್ಟರೆ ಎದ್ದು ನೋಡುವ ಸರದಿ, ನನ್ನದು. ರಾತ್ರಿ 2 ಗಂಟೆಗೆ ಅಲರ್ಟ್ ಬಂತು. ಎದ್ದು ನೋಡಿದರೆ ಒಂದು ಸರ್ವರ್‌ನಲ್ಲಿ ಡಿಸ್ಕ್ ತುಂಬಿತ್ತು. ಸರ್ವರ್ ಬರೆದಿಡುವ ಹಳೆಯ ಲಾಗ್‌ಗಳನ್ನು ಅಳಿಸಿ, ಸಮಸ್ಯೆ ದಾಖಲಿಸುವ ಟಿಕೆಟ್‌ನಲ್ಲಿ ಎರಡು ಸಾಲು ಬರೆದು ಮಲಗಿದೆ. ಬೆಳಿಗ್ಗೆ ಏಳಕ್ಕೆ ಲ್ಯಾಪ್‌ಟಾಪ್ ತೆರೆದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ. ಕ್ಯಾಪ್ಸ್ ಲಾಕ್ ನೋಡಿದೆ. ವೈಫೈ ಬದಲಿಸಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಕಂಪನಿಯ ಜಾಲಕ್ಕೆ ಜೋಡಿಸುವ ವಿಪಿಎನ್ ಕೈಕೊಟ್ಟಿರಬೇಕು ಅಂತ ಫೋನಿನಲ್ಲಿ ಚಾಟ್ ತೆರೆದರೆ ಅದೂ ನನ್ನನ್ನು ಹೊರಗೆ ಹಾಕಿತ್ತು. ನನ್ನ ಕೆಲಸ ಹೋದದ್ದನ್ನು ನಾನು ಇಪ್ಪತ್ತು ನಿಮಿಷ, ಕೋಡಿನಲ್ಲಿ ದೋಷ ಹುಡುಕುವ ಹಾಗೆ, ಡಿಬಗ್ ಮಾಡಿದ್ದೇನೆ. ಆಮೇಲೆ ಸ್ವಂತ ಮೇಲ್ ತೆರೆದಾಗ ಸಿಕ್ಕಿತು ಪತ್ರ, 4 ಗಂಟೆ 10 ನಿಮಿಷಕ್ಕೆ ಬಂದದ್ದು. ಅಂದರೆ ಎರಡು ಗಂಟೆಗೆ ನನ್ನನ್ನು ನಂಬಿ ಎಬ್ಬಿಸಿದ ಕಂಪನಿಗೆ ನಾಲ್ಕು ಗಂಟೆಯ ಹೊತ್ತಿಗೆ ನಾನೇ ಅಪಾಯವಾಗಿಬಿಟ್ಟಿದ್ದೆ.

ಲೇಆಫ್ ಮಾಡಲೇಬಾರದು ಎಂದು ವಾದಿಸಲು ನಾನು ಕೂತಿಲ್ಲ. ಮಾರುಕಟ್ಟೆ ಏರಿದಾಗ ಕೈಗೆ ಸಿಕ್ಕವರನ್ನೆಲ್ಲ ಸೇರಿಸಿಕೊಂಡು ಇಳಿದಾಗ ಕಳಿಸುವುದು ನಮ್ಮ ಉದ್ಯಮದ ಹಳೇ ಚಾಳಿ. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲಿ ಕೂತು ಪರದೆ ನೋಡಿದ್ದೇ ಶಾಶ್ವತ ಅಂತ ಲೆಕ್ಕ ಹಾಕಿ ನೇಮಕ ಮಾಡಿಕೊಂಡ ಕಂಪನಿಗಳೇ ಬಡ್ಡಿದರ ಏರಿದ ಮೇಲೆ ಕತ್ತರಿ ಹಿಡಿದವು. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ಕಳಿಸಿತು. 2023ರ ಜನವರಿ ಒಂದೇ ತಿಂಗಳಲ್ಲಿ ಅಮೆಜಾನ್ 18,000, ಮೈಕ್ರೋಸಾಫ್ಟ್ 10,000, ಗೂಗಲ್ 12,000 ಎಂದು ಘೋಷಿಸಿದವು. ಮೆಟಾದ ಮಾರ್ಕ್ ಜುಕರ್‌ಬರ್ಗ್, ಗೂಗಲ್‌ನ ಸುಂದರ್ ಪಿಚೈ ಇಬ್ಬರೂ ಇದರ ಹೊಣೆ ತಮ್ಮದೇ ಎಂದು ಉದ್ಯೋಗಿಗಳಿಗೆ ಬರೆದರು, ಇಬ್ಬರೂ ಕುರ್ಚಿಯಲ್ಲೇ ಉಳಿದರು. ಹಾಗಂತ ದುಡ್ಡಿನಲ್ಲಿ ಅವರು ಜಿಪುಣತನ ಮಾಡಿದರು ಎನ್ನಲಾರೆ. ಅಮೆರಿಕದಲ್ಲಿ ಈ ಎರಡೂ ಕಂಪನಿಗಳು 16 ವಾರಗಳ ಸಂಬಳ, ಮೇಲೆ ಸೇವೆಯ ಪ್ರತಿ ವರ್ಷಕ್ಕೆ ಇನ್ನೆರಡು ವಾರದ್ದು ಕೊಟ್ಟವು. ನನಗೂ ಒಂದಷ್ಟು ಸಿಕ್ಕಿತು. ನನ್ನ ತಕರಾರು ಬೇರೆ. ದುಡ್ಡು ಖರ್ಚಾಗದ ಕೆಲವು ಸಂಗತಿಗಳನ್ನು ನೀವು ಕೊಡದೆ ಉಳಿಸಿಕೊಂಡಿರಿ. ಅವಿಲ್ಲದೆ ಚೇತರಿಸಿಕೊಳ್ಳುವುದು ಎಷ್ಟು ನಿಧಾನ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ.

ಮೊದಲನೆಯದು ಕಾರಣ.

ನಮ್ಮ ಮಾತಿನಲ್ಲಿ "ಕೆಲಸ ಹೋಯ್ತು" ಅನ್ನುತ್ತೇವೆ. ಕೆಲಸಕ್ಕೆ ಕಾಲಿದ್ದ ಹಾಗೆ, ಅದೇ ಎದ್ದು ಹೋದ ಹಾಗೆ. "ತೆಗೆದರು" ಅಂದರೆ ತೆಗೆದವರು ಒಬ್ಬರು ಇರಬೇಕಾಗುತ್ತದೆ. ಮೊದಲ ತಿಂಗಳು ನಾನೂ ಎಲ್ಲರಿಗೂ "ಹೋಯ್ತು" ಅಂತಲೇ ಹೇಳುತ್ತಿದ್ದೆ, ತಪ್ಪು ನನ್ನದೇ ಏನೋ ಎಂಬ ದನಿಯಲ್ಲಿ. ಅಪ್ಪ ಒಂದೇ ಕಡೆ 34 ವರ್ಷ ದುಡಿದವರು. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಏನಮ್ಮಾ, ಏನಾದ್ರೂ ತಪ್ಪು ಮಾಡಿದ್ಯಾ?"

"ಇಲ್ಲಪ್ಪಾ. ಪಟ್ಟೀಲಿ ಹೆಸರು ಬಂತು ಅಷ್ಟೆ."

"ಏನೂ ಮಾಡ್ದೇ ಇದ್ರೆ ಯಾಕಮ್ಮಾ ತೆಗೀತಾರೆ?"

ಉತ್ತರ ನನ್ನಲ್ಲಿರಲಿಲ್ಲ. ನಿಮ್ಮ ಪತ್ರದಲ್ಲಿ ಇದ್ದದ್ದು "ವ್ಯವಹಾರದ ಅಗತ್ಯಕ್ಕೆ ತಕ್ಕಂತೆ ಮರುಸಂಘಟನೆ". ಅದನ್ನು ಅಪ್ಪನಿಗೆ ಓದಿ ಹೇಳಲು ನಾಚಿಕೆಯಾಯಿತು. ನಾಲ್ಕು ತಿಂಗಳ ಹಿಂದಷ್ಟೇ ಒಳ್ಳೆಯ ರೇಟಿಂಗ್ ಬಂದಿತ್ತು. ಕಾರಣ ಸಿಗದಿದ್ದರೆ ತಲೆ ಸುಮ್ಮನಿರುವುದಿಲ್ಲ, ತಾನೇ ಹೆಣೆಯುತ್ತದೆ. ನನ್ನ ಕೋಡ್ ನೋಡಿ ಸಹೋದ್ಯೋಗಿಗಳು ಬರೆದ ಎರಡು ವರ್ಷದ ಕೋಡ್ ರಿವ್ಯೂಗಳನ್ನೆಲ್ಲ ನೆನಪಿನಲ್ಲೇ ಮತ್ತೆ ಓದಿದೆ. ಯಾವುದೋ ಮೀಟಿಂಗ್‌ನಲ್ಲಿ ನಿರ್ದೇಶಕರೊಬ್ಬರ ಅಂದಾಜು ತಪ್ಪು ಎಂದು ಹೇಳಿದ್ದೆನಲ್ಲ, ಅದಕ್ಕೇ ಇರಬೇಕು. ಹೆರಿಗೆ ರಜೆ ಮುಗಿಸಿ ಬಂದ ವರ್ಷ ನಿಧಾನವಾಗಿದ್ದೆನಲ್ಲ, ಅದಕ್ಕೋ? ಆರು ವಾರ ಕಳೆದ ಮೇಲೆ ನನ್ನ ಮ್ಯಾನೇಜರ್ ತಮ್ಮ ಸ್ವಂತ ನಂಬರಿನಿಂದ ಫೋನ್ ಮಾಡಿದರು. ಅವರಿಗೂ ಗೊತ್ತಾದದ್ದು ಒಂದು ಗಂಟೆ ಮೊದಲು, ನಮ್ಮ ಜತೆ ಮಾತಾಡಬೇಡಿ ಎಂದು ಲೀಗಲ್‌ನವರು ಹೇಳಿದ್ದರಂತೆ. ನಮ್ಮ ಇಡೀ ಪ್ರಾಡಕ್ಟನ್ನೇ ಮುಂದಿನ ವರ್ಷ ನಿಲ್ಲಿಸುವ ತೀರ್ಮಾನವಾಗಿತ್ತು. ಒಂದು ಸಾಲಿನ ಮಾತು. ಅದನ್ನು ಮೊದಲ ದಿನವೇ ಹೇಳಿದ್ದರೆ ಅಪ್ಪನಿಗೆ ಉತ್ತರ ಸಿಗುತ್ತಿತ್ತು. ನನಗೆ ಆರು ವಾರದ ನಿದ್ದೆ ಉಳಿಯುತ್ತಿತ್ತು.

ಎರಡನೆಯದು ಸಮಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬೆಳಿಗ್ಗೆ 9.45ಕ್ಕೆ ನಮ್ಮ ಸ್ಟ್ಯಾಂಡಪ್, ತಂಡದ ದಿನನಿತ್ಯದ ಸಣ್ಣ ಸಭೆ. ಕೆಲಸ ಹೋದ ಮೇಲೂ 9.40ಕ್ಕೆ ಎದೆಯಲ್ಲಿ ಏನೋ ಸಣ್ಣ ಗಡಿಬಿಡಿ ಏಳುತ್ತಿತ್ತು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡಿ ಇದೆ ಎಂಬ ಮೂರು ಉತ್ತರ ಹುಡುಕುವ ಗಡಿಬಿಡಿ. ಕೇಳುವವರು ಯಾರೂ ಇಲ್ಲ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಬೆಳಗಿನ ಬಟ್ಟೆಯಲ್ಲೇ ಇದ್ದೇನೆ, ಮಾಡಬೇಕೆಂದುಕೊಂಡದ್ದು ಒಂದೂ ಆಗಿಲ್ಲ. "ಈಗ ಬೇಕಾದಷ್ಟು ಟೈಮ್ ಇದ್ಯಲ್ಲಾ, ಓದು, ಬರಿ, ಹೊಸದೇನಾದ್ರೂ ಕಲಿ" ಎಂದವರಿಗೆ ಲೆಕ್ಕವಿಲ್ಲ. ಸಮಯ ಹೆಚ್ಚಾದಷ್ಟೂ ಕೈಗೆ ಸಿಗದೆ ಹೋಗುತ್ತಿತ್ತು.

ನನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಂಡಿದ್ದೆ. ಆಮೇಲೆ ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಹಳ್ಳಿಯ ಅಧ್ಯಯನ ಓದಿದೆ. 1930ರ ಸುಮಾರಿಗೆ ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಊರಿಗೂರೇ ನಿರುದ್ಯೋಗಿಯಾಯಿತು. ಮಾರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹನ್ಸ್ ಜೈಸಲ್ ಎಂಬ ಸಂಶೋಧಕರು ತಮ್ಮ ತಂಡದೊಡನೆ ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಅಳೆದರು, 1933ರಲ್ಲಿ ಪ್ರಕಟಿಸಿದರು. ಗಡಿಯಾರ ಹಿಡಿದು ಬೀದಿಯಲ್ಲಿ ನಡೆಯುವವರ ವೇಗವನ್ನೂ ನೋಡಿದ್ದರು. ಗಂಡಸರ ನಡಿಗೆ ನಿಧಾನವಾಗಿತ್ತು, ದಾರಿಯುದ್ದಕ್ಕೂ ನಿಂತು ನಿಂತು ಹೋಗುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಮುಗಿಯದೆ ಇದ್ದುದರಿಂದ ಅವರು ಬೇಗ ನಡೆಯುತ್ತಿದ್ದರು. (ಅದನ್ನು ಓದಿ ನಕ್ಕೆ, ನಗಬಾರದಿತ್ತೇನೋ.) ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಹೆಚ್ಚಾಗಿರಬೇಕು ಅಲ್ಲವೇ? ಕಡಿಮೆಯಾಗಿತ್ತು. ಕೈತುಂಬ ಪುರುಸೊತ್ತು, ಓದಲು ಮಾತ್ರ ಮನಸ್ಸಿಲ್ಲ. ಸಂಬಳದ ಜತೆಗೆ ಕೆಲಸ ಕೊಡುವ ಐದು ವಸ್ತುಗಳನ್ನು ಯಹೋಡಾ ಮುಂದೆ ಹೆಸರಿಸಿದರು: ದಿನಕ್ಕೊಂದು ಆಕಾರ, ಮನೆಯಾಚೆಯ ಜನರ ಒಡನಾಟ, ಎಲ್ಲರೂ ಸೇರಿ ಸಾಧಿಸುವ ಗುರಿ, ಸಮಾಜದಲ್ಲಿ ಒಂದು ಗುರುತು, ತಪ್ಪದೆ ಮಾಡಬೇಕಾದ ಚಟುವಟಿಕೆ. ನೀವು ಕಳಿಸುವ ಸೆವೆರೆನ್ಸ್, ಅಂದರೆ ಕೆಲಸ ಬಿಡಿಸುವಾಗಿನ ಪರಿಹಾರದ, ಲೆಕ್ಕದಲ್ಲಿ ಇವು ಯಾವ ಸಾಲಿನಲ್ಲಿವೆ ಹುಡುಕಿ ನೋಡಿ.

ಗುರುತಿನ ವಿಷಯ ಬಂತಲ್ಲ, ಒಂದು ಸಣ್ಣ ಸಂಗತಿ. ಕಂಪನಿಯ ಲಾಗಿನ್‌ಗೆ ಆರು ಅಂಕಿಯ ಕೋಡ್ ಕೊಡುವ ಆ್ಯಪ್ ನನ್ನ ಫೋನಿನಲ್ಲೇ ಉಳಿದಿತ್ತು. ಆ ಕೋಡ್ ಹುಟ್ಟುವುದು ಫೋನಿನೊಳಗೆ, ಮೊದಲೇ ಕೊಟ್ಟ ಒಂದು ರಹಸ್ಯ ಸಂಖ್ಯೆ ಮತ್ತು ಗಡಿಯಾರದ ಹೊತ್ತು ಸೇರಿ. ಸರ್ವರ್ ಬೇಕಿಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ. ಹಾಗಾಗಿ ಅಕೌಂಟ್ ಅಳಿಸಿಹೋಗಿ ತಿಂಗಳುಗಳಾದರೂ ಅದು ಪ್ರತಿ 30 ಸೆಕೆಂಡಿಗೊಂದು ಹೊಸ ಕೋಡ್ ಕೊಡುತ್ತಲೇ ಇತ್ತು. ಪಕ್ಕದಲ್ಲಿ ಸಣ್ಣ ವೃತ್ತ ಕರಗುತ್ತದೆ, ಅಂಕಿ ಕೆಂಪಾಗುತ್ತದೆ, ಮತ್ತೆ ಆರು ಅಂಕಿ. ರಾತ್ರಿ ನಿದ್ದೆ ಬಾರದಾಗ ಅದನ್ನೇ ನೋಡುತ್ತಿದ್ದೆ. ಬಾಗಿಲೇ ಇಲ್ಲದ ಬೀಗಕ್ಕೆ ಎಷ್ಟು ಶ್ರದ್ಧೆಯಿಂದ ಕೀಲಿ ಮಾಡುತ್ತಿದೆ ನೋಡಿ ಪಾಪ. ಅಳಿಸಲು ನಾಲ್ಕು ತಿಂಗಳು ಬೇಕಾಯಿತು.

ಈ ಪತ್ರವನ್ನು ನಿಮ್ಮ ಮುಂದಿನ ಪಟ್ಟಿಯಲ್ಲಿರುವವರೂ ಓದುತ್ತಿರಬಹುದು. ಅವರ ಕಡೆ ಸ್ವಲ್ಪ ತಿರುಗಿ ಮಾತಾಡುತ್ತೇನೆ. ನೀವೂ ಕೇಳಿಸಿಕೊಳ್ಳಿ, ಗುಟ್ಟೇನಿಲ್ಲ.

ಮೊದಲ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಪರಿಹಾರದ ಒಪ್ಪಂದದಲ್ಲಿ ಮೊಕದ್ದಮೆ ಹೂಡುವುದಿಲ್ಲ, ಪ್ರತಿಸ್ಪರ್ಧಿ ಕಂಪನಿ ಸೇರುವುದಿಲ್ಲ, ಕಂಪನಿಯ ಬಗ್ಗೆ ಕೆಟ್ಟದ್ದು ಆಡುವುದಿಲ್ಲ ಎಂಬ ಷರತ್ತುಗಳು ಕೊನೆಯ ಪುಟಗಳಲ್ಲಿ ಅಡಗಿರುತ್ತವೆ. ಕಾನೂನು ಬಲ್ಲ ಒಬ್ಬರಿಗೆ ತೋರಿಸಿ, ಪ್ರಶ್ನೆಗಳಿದ್ದರೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಈಗ ಕೆಲಸದಲ್ಲಿದ್ದರೆ ಇವತ್ತೇ ನಿಮ್ಮ ಸಂಬಳದ ಚೀಟಿ, ನೇಮಕಾತಿ ಪತ್ರ, ಷೇರುಗಳ ಒಪ್ಪಂದ ಇವನ್ನು ಸ್ವಂತ ಜಾಗದಲ್ಲಿ ಇಟ್ಟುಕೊಳ್ಳಿ. ಕಂಪನಿಯ ಕೋಡ್ ಮುಟ್ಟಬೇಡಿ, ಅದು ಅವರದ್ದು. ಆರೋಗ್ಯ ವಿಮೆ ಯಾವ ತಾರೀಖಿಗೆ ನಿಲ್ಲುತ್ತದೆ ಕೇಳಿ ತಿಳಿದುಕೊಳ್ಳಿ. ಸ್ಟಾರ್ಟಪ್‌ನವರು ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳು ಬರುತ್ತದೆ ಎಂಬುದಕ್ಕೆ ರನ್‌ವೇ ಅನ್ನುತ್ತಾರಲ್ಲ, ಮನೆಗೂ ಅದೇ ಲೆಕ್ಕ ಹಾಕಿ. ನಾವು ಮೂರು ವಾರ ಹಾಕಲಿಲ್ಲ, ಹೆದರಿಕೆಯಿಂದ. ಹಾಕಿದಾಗ ಬಂದ ಉತ್ತರ ಏಳು ತಿಂಗಳು. ಆ ಏಳು ನೋಡಿದ ರಾತ್ರಿ ನಾನು ಮೊದಲ ಬಾರಿ ಸರಿಯಾಗಿ ಮಲಗಿದೆ. ಅಂಕಿ ದೊಡ್ಡದೇನಲ್ಲ, ಆದರೂ ಅಂಕಿಯಾಯಿತಲ್ಲ.

ಬರೆಯಿರಿ. ಇದನ್ನು ಹೇಳಿದರೆ ಉಪದೇಶದಂತೆ ಕೇಳುತ್ತದೆ, ನಾನೂ ಮೊದಲು ನಂಬಲಿಲ್ಲ. 1994ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲಸ ಕಳೆದುಕೊಂಡ ವೃತ್ತಿಪರರಲ್ಲಿ ಒಂದು ಗುಂಪು ಐದು ದಿನ, ದಿನಕ್ಕೆ 20 ನಿಮಿಷ ಆ ಬಗ್ಗೆ ತಮಗಾದ ನೋವು, ಸಿಟ್ಟು ಎಲ್ಲವನ್ನೂ ಬರೆಯಿತು. ಇನ್ನೊಂದು ಗುಂಪು ದಿನದ ಕಾರ್ಯಕ್ರಮಗಳ ಬಗ್ಗೆ ಒಣದಾಗಿ ಬರೆಯಿತು. ಎಂಟು ತಿಂಗಳ ನಂತರ ಮೊದಲ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ಸಿಕ್ಕಿತ್ತು, ಎರಡನೆಯದರಲ್ಲಿ ಕಾಲುಭಾಗವೂ ಇಲ್ಲ. ಬರೆದವರು ಹೆಚ್ಚು ಅರ್ಜಿ ಹಾಕಿದ್ದರಿಂದ ಹೀಗಾದದ್ದಲ್ಲ. ಹಳೆಯ ಕಂಪನಿಯ ಮೇಲಿನ ಸಿಟ್ಟನ್ನು ಸಂದರ್ಶನದ ಕೋಣೆಯೊಳಗೆ ಕೊಂಡೊಯ್ಯಲಿಲ್ಲ ಎಂಬುದು ಒಂದು ವಿವರಣೆ. ನನ್ನ ಮೊದಲ ಸಂದರ್ಶನದಲ್ಲಿ "ಹಿಂದಿನ ಕಂಪನಿ ಯಾಕೆ ಬಿಟ್ಟಿರಿ?" ಎಂದಾಗ ನಾನು ಹನ್ನೆರಡು ನಿಮಿಷ ಮಾತಾಡಿದ್ದೆ. ಅತ್ತಕಡೆಯ ಹುಡುಗ ಕ್ಯಾಮೆರಾ ಬಿಟ್ಟು ಎಲ್ಲೆಲ್ಲೋ ನೋಡುತ್ತಿದ್ದ. ಅಲ್ಲಿಂದ ಮತ್ತೆ ಕರೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆ ಸಂಜೆ ಒಂದು ನೋಟ್‌ಬುಕ್ ತೆಗೆದೆ.

ಇನ್ನು ಕೆಲಸ ಹುಡುಕುವ ವಿಷಯ. ಹತ್ತಿರದ ಗೆಳೆಯರು ಕಣ್ಣೀರು ಒರೆಸುತ್ತಾರೆ, ಆದರೆ ಅವರಿಗೆ ಗೊತ್ತಿರುವ ಕಡೆಗಳೆಲ್ಲ ನಮಗೂ ಗೊತ್ತಿರುತ್ತವೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ತೋರಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದಾಗ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಆರರಲ್ಲಿ ಒಬ್ಬರಷ್ಟೇ. ಉಳಿದವರೆಲ್ಲ ಭೇಟಿಯಾಗುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ, ಇಲ್ಲವೇ ತೀರ ಅಪರೂಪಕ್ಕೆ. ನನಗೆ ರೆಫರಲ್ ಕೊಟ್ಟದ್ದು, ಅಂದರೆ ಕೆಲಸಕ್ಕೆ ನನ್ನ ಹೆಸರು ಶಿಫಾರಸು ಮಾಡಿದ್ದು, ಎಂಟು ವರ್ಷದ ಹಿಂದೆ ಒಂದೇ ಪ್ರಾಜೆಕ್ಟ್‌ನಲ್ಲಿ ಮೂರು ತಿಂಗಳು ಜತೆಗಿದ್ದ ಟೆಸ್ಟರ್. ಆಕೆಗೆ ಮೆಸೇಜ್ ಬರೆದು ಅಳಿಸಿ, ಬರೆದು ಅಳಿಸಿ, ಮೂರನೇ ದಿನ ಕಳಿಸಿದೆ. ಉತ್ತರ ನಾಲ್ಕೇ ನಿಮಿಷದಲ್ಲಿ ಬಂತು: "ಅಯ್ಯೋ, ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

ಮಕ್ಕಳಿಗೆ ಹೇಳುವುದು ಹೇಗೆ ಎಂಬುದಕ್ಕೆ ನನ್ನಲ್ಲಿ ಸಲಹೆ ಇಲ್ಲ. ಏಳು ವರ್ಷದ ಮಗ "ಅಮ್ಮಾ, ಇವತ್ತೂ ರಜಾನಾ?" ಎಂದು ಒಂಬತ್ತು ದಿನ ಕೇಳಿದ. ಹತ್ತನೇ ದಿನ ಕೇಳಲಿಲ್ಲ.

ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ಮೂರನೆಯದು ಬೀಳ್ಕೊಡುಗೆ, ನಿಜವಾಗಿ ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಕಾನೂನು ಕೇಳಿದಲ್ಲಿ ನೀವು ನೋಟಿಸ್ ಕೊಡುತ್ತೀರಿ. ಅಮೆರಿಕದಲ್ಲಿ 1988ರ ವಾರ್ನ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 100 ಅಥವಾ ಹೆಚ್ಚು ಜನರಿರುವ ಸಂಸ್ಥೆ ಸಾಮೂಹಿಕವಾಗಿ ತೆಗೆಯುವಾಗ 60 ದಿನ ಮುಂಚೆ ತಿಳಿಸಬೇಕು. ಅದನ್ನೂ ನೀವು ಎಷ್ಟು ಜಾಣತನದಿಂದ ಪಾಲಿಸುತ್ತೀರೆಂದರೆ, 60 ದಿನದ ಸಂಬಳ ಕೊಡುತ್ತೀರಿ, ಬಾಗಿಲು ಮಾತ್ರ ಮೊದಲ ದಿನವೇ ಹಾಕುತ್ತೀರಿ. ಅದೇ ದೇಶದಲ್ಲಿ ಎಚ್-1ಬಿ ವೀಸಾದ ಮೇಲಿರುವವರಿಗೆ ಕೆಲಸ ನಿಂತ ಮೇಲೆ ಇನ್ನೊಂದು ದಾರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಅಂಥವರಿಗೆ ಹಳೆಯ ಸಹೋದ್ಯೋಗಿಗಳ ನಂಬರ್ ಸಿಗುವುದು ಎಷ್ಟು ಮುಖ್ಯ ಅಂತ ಯೋಚಿಸಿದ್ದೀರಾ? ಆರು ವರ್ಷ ಜತೆಗಿದ್ದ ಹದಿನಾಲ್ಕು ಜನರಲ್ಲಿ ಒಂಬತ್ತು ಮಂದಿಯ ಫೋನ್ ನಂಬರ್ ನನ್ನಲ್ಲಿರಲಿಲ್ಲ. ಎಲ್ಲ ಮಾತೂ ಕಂಪನಿಯ ಚಾಟ್‌ನಲ್ಲೇ ನಡೆದಿತ್ತು. ಯುರೋಪಿನ ಒಕ್ಕೂಟದಲ್ಲಿ 1998ರ ನಿರ್ದೇಶನದಂತೆ ಸಾಮೂಹಿಕವಾಗಿ ತೆಗೆಯುವ ಮುನ್ನ ನೌಕರರ ಪ್ರತಿನಿಧಿಗಳ ಜತೆ ಮಾತುಕತೆ ಆಗಬೇಕು. ಆಗುತ್ತದೆ ಕೂಡ, ಆಕಾಶವೇನೂ ಕಳಚಿ ಬೀಳುವುದಿಲ್ಲ.

"ಭದ್ರತೆ" ಅನ್ನುತ್ತೀರಿ. ಸಿಟ್ಟಿನಲ್ಲಿ ಡೇಟಾ ಅಳಿಸಿಬಿಟ್ಟರೆ? ನ್ಯಾಯವಾದ ಭಯ, ಒಪ್ಪುತ್ತೇನೆ. ಆದರೆ ನಾನು ಹನ್ನೊಂದು ವರ್ಷ ಮಾಡಿದ ಕೆಲಸವೇ ಅದು: ಯಾರಿಗೆ ಯಾವ ಬಾಗಿಲು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬ ಪರ್ಮಿಷನ್‌ಗಳನ್ನು ಬರೆಯುವುದು. ಗ್ರಾಹಕರು ಬಳಸುವ ಪ್ರೊಡಕ್ಷನ್ ವ್ಯವಸ್ಥೆ ಮುಚ್ಚಿ, ಕೋಡ್ ಇಡುವ ರೆಪೊಸಿಟರಿ ಮುಚ್ಚಿ, ಗ್ರಾಹಕರ ಮಾಹಿತಿ ಮುಚ್ಚಿ. ಮೇಲ್ ಮತ್ತು ಚಾಟ್ ಒಂದು ದಿನ, ಆಗದಿದ್ದರೆ ಅರ್ಧ ದಿನ ತೆರೆದಿಡಿ, ಕಂಪನಿಯ ಒಳಗಿನವರಿಗೆ ಮಾತ್ರ ಬರೆಯುವಂತೆ. ಅದನ್ನು ಮಾಡಿಡಲು ಒಬ್ಬ ಇಂಜಿನಿಯರ್‌ಗೆ ಒಂದು ಮಧ್ಯಾಹ್ನ ಸಾಕು. ನನ್ನನ್ನೇ ಕೇಳಿದ್ದರೆ ಮಾಡಿಕೊಡುತ್ತಿದ್ದೆ.

ಕೇಳುವುದು ಇಷ್ಟು. ಪತ್ರ ಹಗಲು ಹೊತ್ತಿನಲ್ಲಿ ಬರಲಿ, ಬರುವ ಮುಂಚೆ ನಮ್ಮನ್ನು ಬಲ್ಲ ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಲಿ. ಯಾಕೆ ಎಂಬುದು ಒಂದು ಸಾಲಿನಲ್ಲಿರಲಿ. ಮ್ಯಾನೇಜರ್‌ಗಳ ಬಾಯಿ ಕಟ್ಟಬೇಡಿ, ಮುಂದಿನ ಕಂಪನಿಯವರು ಕೇಳಿದರೆ ನಾಲ್ಕು ಒಳ್ಳೆಯ ಮಾತಾಡಲು ಬಿಡಿ. ಆನ್‌ಕಾಲ್‌ನಲ್ಲಿ ಇರುವವರ ಹೆಸರು ಪಟ್ಟಿಯಲ್ಲಿದ್ದರೆ ಹಿಂದಿನ ದಿನವೇ ಸರದಿ ಬದಲಿಸಿ. ಅರ್ಧ ದಿನ ಕೊಡಿ, ಕೆಲಸ ಒಪ್ಪಿಸಿ ಹೊರಡಲು.

ಕರುಣೆ ನಿಮ್ಮ ಲೆಕ್ಕಕ್ಕೆ ಬರದಿದ್ದರೆ ಲೆಕ್ಕವನ್ನೇ ಕೊಡುತ್ತೇನೆ. ಕೆಲಸ ಕಳೆದುಕೊಂಡ ಸುಮಾರು 1,000 ಜನರನ್ನು ಮಾತಾಡಿಸಿ ಆಲನ್ ಲಿಂಡ್, ಜೆರಾಲ್ಡ್ ಗ್ರೀನ್‌ಬರ್ಗ್ ಮೊದಲಾದವರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡರು ಎಂದುಕೊಂಡವರಲ್ಲಿ ಕೋರ್ಟಿಗೆ ಹೋದವರು ಶೇ. 1ರ ಆಸುಪಾಸು. ಅನ್ಯಾಯವಾಗಿ ನಡೆಸಿಕೊಂಡರು ಎಂದುಕೊಂಡವರಲ್ಲಿ ಶೇ. 17. ಉಳಿದುಕೊಂಡವರ ಕಥೆಯನ್ನು 2008ರಲ್ಲಿ ಚಾರ್ಲಿ ಟ್ರೆವರ್, ಆಂಥೊನಿ ನೈಬರ್ಗ್ ತೋರಿಸಿದ್ದಾರೆ: ಕೆಲವೇ ಜನರನ್ನು ತೆಗೆದರೂ ಆಮೇಲೆ ತಾವಾಗಿಯೇ ಬಿಟ್ಟು ಹೋಗುವವರ ಸಂಖ್ಯೆ ಏರುತ್ತದೆ. ನಮ್ಮ ತಂಡದಲ್ಲಿ ಉಳಿದ ಹತ್ತು ಜನರಲ್ಲಿ ನಾಲ್ವರು ವರ್ಷದೊಳಗೆ ಹೊರಟರು. ಅವರಲ್ಲಿ ಒಬ್ಬರಿಗೆ ರೆಫರಲ್ ಕೊಟ್ಟವಳು ನಾನೇ.

ಈಗ ನನಗೆ ಕೆಲಸವಿದೆ, ಸಂಬಳ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ. ಇಲ್ಲಿ ಎಲ್ಲರ ಫೋನ್ ನಂಬರನ್ನೂ ಮೊದಲ ವಾರವೇ ಬರೆದುಕೊಂಡೆ. ಹೊಸ ಹುಡುಗಿಯೊಬ್ಬಳು "ಯಾಕೆ ಮೇಡಂ, ಚಾಟ್ ಇದ್ಯಲ್ಲಾ?" ಎಂದಳು. "ಇರ್ಲಿ ಕೊಡಮ್ಮಾ" ಎಂದೆ.

ಇತಿ,
ನಿಮ್ಮ ಪಟ್ಟಿಯ ಒಂದು ಸಾಲು

ತಾ.ಕ.: ನನ್ನ ಹಳೆಯ ತಂಡದವರು ಇದನ್ನು ಓದಿದರೆ ಗುರುತು ಹಿಡಿಯುತ್ತಾರೆ, ಅವರಿಗಾಗಿ. ಕೆಲಸ ಒಪ್ಪಿಸಿಕೊಳ್ಳಲು ಯಾರೂ ಕೇಳಲಿಲ್ಲ, ಇಲ್ಲಿಯೇ ಒಪ್ಪಿಸುತ್ತೇನೆ. ತಿಂಗಳ ಕೊನೆಯ ಲೆಕ್ಕ ತಾಳೆ ನೋಡುವ, ತಾನಾಗಿ ಓಡುವ ಪ್ರೋಗ್ರಾಂ (ಜಾಬ್) ಓಡುತ್ತಿದ್ದದ್ದು ನನ್ನ ಅಕೌಂಟ್‌ನಲ್ಲಿ, ಅದನ್ನು ಮುಚ್ಚಿದ ದಿನವೇ ನಿಂತಿರಬೇಕು. ಇನ್ನೊಂದು ಅಕೌಂಟ್‌ಗೆ ಹಾಕಿಕೊಳ್ಳಿ. ಒಬ್ಬ ಗ್ರಾಹಕರ ಹೆಸರಲ್ಲಿ ಎರಡು ದಾಖಲೆ ಕಂಡರೆ ಹಳೆಯದನ್ನು ಅಳಿಸಬೇಡಿ, ರೀಫಂಡ್‌ಗಳೆಲ್ಲ ಅದಕ್ಕೇ ಜೋಡಿಸಿವೆ. ಆ ರಾತ್ರಿ ಡಿಸ್ಕ್ ತುಂಬಿದ್ದಕ್ಕೆ ನಾನು ಮಾಡಿದ್ದು ತಾತ್ಕಾಲಿಕ ಉಪಾಯ ಅಷ್ಟೇ. ಹಳೆಯ ಲಾಗ್‌ಗಳನ್ನು ತಾನಾಗಿ ತೆಗೆಯುವ ಲಾಗ್ ರೊಟೇಷನ್ ಬೆಳಿಗ್ಗೆ ಸರಿಮಾಡೋಣ ಎಂದುಕೊಂಡಿದ್ದೆ.